ಗುರಿಗಳ ಲೆಕ್ಕಪುಸ್ತಕ

ಅಂಗಡಿಯ ಲೆಕ್ಕವನ್ನು ನಾವು ಪ್ರತಿ ರಾತ್ರಿ ನೋಡುತ್ತೇವೆ. ಇಪ್ಪತ್ತರ ಹರೆಯದಲ್ಲಿ ಇರಿಸಿಕೊಂಡ ಗುರಿಗಳ ಲೆಕ್ಕ ಮಾತ್ರ ನೆನಪಾಗುವುದು ನೆರೆಮನೆಯ ಹುಡುಗನಿಗೆ ನೌಕರಿ ಸಿಕ್ಕಾಗ!

1706ರಲ್ಲಿ ಜನಿಸಿದ ಅಮೆರಿಕದ ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್ ಯೌವನದಲ್ಲಿಯೇ 13 ಸದ್ಗುಣಗಳ ಪಟ್ಟಿ ಮಾಡಿದ್ದರು. ವಾರಕ್ಕೊಂದು ಗುಣಕ್ಕೆ ವಿಶೇಷ ಗಮನ. ಅಂದಂದಿನ ತಪ್ಪಿಗೆ ಪುಟ್ಟ ಪುಸ್ತಕದಲ್ಲಿ ಕಪ್ಪು ಚುಕ್ಕೆ. ವರ್ಷಕ್ಕೆ ನಾಲ್ಕು ಸುತ್ತು. ಅಚ್ಚುಕಟ್ಟುತನವಂತೂ ತನಗೆ ಕೊನೆಗೂ ಕೈಗೂಡಲಿಲ್ಲವೆಂದು ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡರು. ಆದರೂ ಆ ಪ್ರಯತ್ನ ವ್ಯರ್ಥವೆಂದು ಅವರು ಭಾವಿಸಲಿಲ್ಲ. ಗಮನಿಸಿ: ಅಲ್ಲಿ ನಡೆದದ್ದು ಸ್ವಂತ ತಪ್ಪುಗಳ ಎಣಿಕೆಯೇ ಹೊರತು ಪರರೊಂದಿಗೆ ಪೈಪೋಟಿಯಲ್ಲ.

ಆದ್ದರಿಂದ, 'ಅವನೆಲ್ಲಿ, ನೀನೆಲ್ಲಿ?' ಎಂದು ಮಕ್ಕಳನ್ನು ಹಂಗಿಸುವುದನ್ನು ನಾವು ನಿಲ್ಲಿಸಬೇಕಾಗಿದೆ. 'ಕಳೆದ ವರ್ಷ ಎಲ್ಲಿದ್ದೆ, ಈಗ ಎಲ್ಲಿರುವೆ?' ಎಂದು ಕೇಳೋಣ. ಉತ್ತರವನ್ನು ಅವರೇ ಬರೆದಿಡಲಿ. ಆ ಪುಸ್ತಕವನ್ನು ನಾವು ತೆರೆಯದಿರೋಣ.