ಚಿತ್ರಕಲೆಗೂ ಬೇಕು ಸಂಘದ ಆಸರೆ

ಎಸ್ಸೆಸ್ಸಿ ಫಲಿತಾಂಶ ಹೊರಬೀಳುತ್ತಿದ್ದಂತೆ ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿ ವೇತನ ವಿತರಣೆಯ ಸಮಾರಂಭಗಳು ಆರಂಭವಾಗುತ್ತವೆ. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದ ಸಮಾಜಕ್ಕೆ ಇದು ಹೆಮ್ಮೆಯ ವಿಷಯವೇ ಸರಿ. ಆದರೆ ಚಿತ್ರಕಲೆ, ಶಿಲ್ಪಕಲೆ ಕಲಿಯಹೊರಟ ಹುಡುಗ-ಹುಡುಗಿಯರು ಈ ವೇದಿಕೆಗಳಲ್ಲಿ ಕಾಣಸಿಗುವುದು ಅಪರೂಪ. ‘ಚಿತ್ರ ಬಿಡಿಸಿದರೆ ಹೊಟ್ಟೆ ತುಂಬುತ್ತದೆಯೇ?’ ಎಂಬ ಪ್ರಶ್ನೆ ಅವರನ್ನು ಮನೆಯಲ್ಲೇ ತಡೆದು ನಿಲ್ಲಿಸುತ್ತದೆ.

ಇದಕ್ಕೆ ಉತ್ತರ ಮುಂಬಯಿ ಕನ್ನಡಿಗರ ಇತಿಹಾಸದಲ್ಲೇ ಇದೆ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು, 1857ರಲ್ಲಿ ಸ್ಥಾಪನೆಗೊಂಡ ಇಲ್ಲಿನ ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಅಧ್ಯಾಪಕರೂ ಆಗಿ, 1989ರಲ್ಲಿ ಪದ್ಮಭೂಷಣ ಪುರಸ್ಕೃತರಾದರು. ಕಲಬುರಗಿಯ ಎಸ್. ಎಂ. ಪಂಡಿತರು ಸಿನಿಮಾ ಪೋಸ್ಟರ್ ಹಾಗೂ ಕ್ಯಾಲೆಂಡರ್ ಚಿತ್ರಗಳಿಂದ ಮನೆಮಾತಾದರು. ಕನ್ನಡಿಗರೇ ಆದ ದಂಡಾವತಿಮಠರು ಮುಂಬಯಿಯಲ್ಲಿ ನಡೆಸುತ್ತಿದ್ದ ನೂತನ ಕಲಾ ಮಂದಿರವೆಂಬ ಖಾಸಗಿ ಶಾಲೆಯ ಪಾಠ ಇವರಿಬ್ಬರಿಗೂ ದೊರೆತಿತ್ತು. ದೊಡ್ಡ ಕಲಾಶಾಲೆಯ ಬಾಗಿಲು ಮುಟ್ಟಲು ಇಂತಹ ಮೆಟ್ಟಿಲೊಂದು ಬೇಕೇ ಬೇಕು.

ಇಂದು ಆ ಮೆಟ್ಟಿಲು ಇನ್ನಷ್ಟು ಅಗತ್ಯ. ಮಹಾರಾಷ್ಟ್ರದ ಕಲಾ ಪದವಿಯ ಪ್ರವೇಶ ಪರೀಕ್ಷೆಯಲ್ಲಿ ವಸ್ತುಚಿತ್ರ, ಸ್ಮರಣಚಿತ್ರ, ವಿನ್ಯಾಸಗಳನ್ನು ಕೈಯಾರೆ ಬಿಡಿಸಿ ತೋರಿಸಬೇಕು. ಶಾಲಾ ಮಕ್ಕಳಿಗಾಗಿ ರಾಜ್ಯ ಸರಕಾರ ನಡೆಸುವ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೂ ಕೈ ಪಳಗಿರಬೇಕು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ವಸ್ತುವನ್ನು ಎದುರಿಗಿಟ್ಟು ನೂರು ಬಾರಿ ಬಿಡಿಸಬೇಕು, ಬಲ್ಲವರು ಪಕ್ಕದಲ್ಲಿ ನಿಂತು ತಿದ್ದಬೇಕು. ಅದಕ್ಕೆ ಮುಖ್ಯವಾಗಿ ಬೇಕಾದುದು ಜಾಗ. ಚಾಳಿನ ಹತ್ತು ಬೈ ಹತ್ತರ ಖೋಲಿಯಲ್ಲಿ ಐದಾರು ಮಂದಿ ವಾಸಿಸುವಾಗ ಈಸೆಲ್ ನಿಲ್ಲಿಸುವುದೆಲ್ಲಿ? ಜೇಡಿಮಣ್ಣು ಕಲಸುವುದೆಲ್ಲಿ? ಒದ್ದೆ ಚಿತ್ರ ಒಣಗಿಸುವುದೆಲ್ಲಿ?

ಜಾಗ ಇರುವುದು ಸಂಘಗಳಲ್ಲಿ. ಸಭಾಗೃಹದ ಬಾಡಿಗೆಯೇ ಹಲವು ಸಂಘಗಳ ಆದಾಯ ಎಂಬುದು ನಿಜ. ಆದರೆ ಸಮಾರಂಭವಿಲ್ಲದ ದಿನ ಎರಡು ಗಂಟೆ ಬಾಗಿಲು ತೆರೆದರೆ ನಷ್ಟವೇನೂ ಆಗದು. ಮಕ್ಕಳ ದಿನಾಚರಣೆಯಂದು ನೆಲದಲ್ಲಿ ಕೂರಿಸಿ ಒಂದು ಗಂಟೆ ಚಿತ್ರ ಬಿಡಿಸಿ ಬಹುಮಾನ ಹಂಚುವುದರಿಂದ ಕಲಾವಿದರು ಹುಟ್ಟುವುದಿಲ್ಲ. ವಾರಕ್ಕೊಮ್ಮೆಯಾದರೂ ತರಗತಿ, ಎಲ್ಲರಿಗೂ ಸೇರಿ ಹತ್ತಾರು ಬೋರ್ಡು-ಈಸೆಲ್, ಕಲಾಶಾಲೆಯಲ್ಲಿ ಕಲಿತ ಕನ್ನಡಿಗರೊಬ್ಬರಿಗೆ ಗೌರವಧನ ಇಷ್ಟಿದ್ದರೆ ಆರಂಭಕ್ಕೆ ಸಾಕು. ವಿದ್ಯಾರ್ಥಿ ವೇತನ ನೀಡುವಾಗಲೂ ಕಲಾ ವಿದ್ಯಾರ್ಥಿಗಳ ಅಂಕಪಟ್ಟಿಯ ಜತೆಗೆ ಅವರು ಬಿಡಿಸಿದ ಚಿತ್ರಗಳನ್ನೂ ಪರಿಶೀಲಿಸಬೇಕು.

ಕಲಿತವರೆಲ್ಲ ಹೆಬ್ಬಾರರಾಗಲಾರರು. ಆದರೆ ಶಾಲೆ, ಜಾಹೀರಾತು, ಜವಳಿ, ಅನಿಮೇಷನ್ ಕ್ಷೇತ್ರಗಳಲ್ಲಿ ಪಳಗಿದ ಕೈಗೆ ಕೆಲಸವಿದೆ. ಹೋಟೆಲು ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ಕಟ್ಟಿ ಅಕ್ಷರ ಕಲಿಸಿದ್ದು ಇದೇ ಸಮಾಜ. ಅಂದು ಅಂಕಪಟ್ಟಿ ನೋಡಿ ಯಾರನ್ನೂ ಒಳಗೆ ಬಿಡಲಿಲ್ಲ. ಸಂಘಗಳ ಪದಾಧಿಕಾರಿಗಳು ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆತ್ತಿಕೊಂಡರೆ ಅದೊಂದು ಸ್ವಾಗತಾರ್ಹ ಆರಂಭವಾದೀತು.