ಅಂಕವೂ ಕಾರಣವೂ

ಕಳೆದ ವರ್ಷ ನಾನು ಕಡಲಾಚೆಯ ಒಂದು ಸ್ಟೀರಿಯೊ ಛಾಯಾಚಿತ್ರ ಸಂಘದ ಸ್ಲೈಡು ಸ್ಪರ್ಧೆಗೆ ಚಿತ್ರವೊಂದನ್ನು ಕಳುಹಿಸಿ, 27ಕ್ಕೆ 13 ಅಂಕ ಪಡೆದೆನು. ಬಹುಮಾನ ಬಂದವರು ಲೇಖನ ಬರೆಯುವುದು ವಾಡಿಕೆ. ಬಾರದವನಿಗೂ ಹೇಳುವುದೊಂದು ಇರುತ್ತದೆಂದು ಈ ಸಾಹಸ. ವಾಚಕರು ಮನ್ನಿಸಬೇಕು.

ಸ್ಟೀರಿಯೊ ಚಿತ್ರವೆಂದರೇನೆಂಬುದನ್ನು ಮೊದಲು ಹೇಳುವೆನು. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 65 ಮಿಲಿಮೀಟರ್ ಅಂತರವುಂಟು. ಆದುದರಿಂದ ಒಂದೇ ವಸ್ತು ಎರಡು ಕಣ್ಣುಗಳಿಗೂ ತುಸು ಬೇರೆಬೇರೆಯಾಗಿ ಕಾಣುತ್ತದೆ. ಮಿದುಳು ಆ ಎರಡನ್ನೂ ಕೂಡಿಸಿ ಆಳವನ್ನು ಅರಿಯುತ್ತದೆ. ಇದನ್ನು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿಜ್ಞಾನಿ ಎರಡು ಕನ್ನಡಿಗಳ ಉಪಕರಣದಿಂದ ವಿವರಿಸಿದನು. 1947ರಲ್ಲಿ ಅಮೆರಿಕದಲ್ಲಿ ‘ಸ್ಟೀರಿಯೊ ರಿಯಲಿಸ್ಟ್’ ಎಂಬ ಜೋಡಿ ಮಸೂರದ ಕ್ಯಾಮೆರಾ ಬಂದ ಮೇಲೆ ಈ ಹವ್ಯಾಸ ಅಲ್ಲಿ ಬಹಳ ಹಬ್ಬಿತು. ಸ್ಪರ್ಧೆಯಲ್ಲಿ ಎರಡು ಚಿತ್ರಗಳನ್ನೂ ಧ್ರುವೀಕೃತ ಬೆಳಕಿನಲ್ಲಿ ಬೆಳ್ಳಿತೆರೆಯ ಮೇಲೆ ಒಟ್ಟಿಗೆ ಬಿಡುತ್ತಾರೆ. ತೀರ್ಪುಗಾರರು ಅದಕ್ಕೆ ತಕ್ಕ ಕನ್ನಡಕ ಧರಿಸಿ ನೋಡಿ ಅಂಕ ಕೊಡುತ್ತಾರೆ. ಈಗ ಬಹುಮಟ್ಟಿಗೆ ಫಿಲ್ಮು ಹೋಗಿ ಡಿಜಿಟಲ್ ಚಿತ್ರ ಬಂದಿದೆ. ನಾನು ಸೇರಿದ ಸ್ಪರ್ಧೆಯಲ್ಲಿ ‘ಸ್ಲೈಡು’ ಎಂಬ ಹೆಸರು ಮಾತ್ರ ಉಳಿದುಕೊಂಡಿದೆ.

ಜೋಡಿ ಮಸೂರದ ಕ್ಯಾಮೆರಾ ನನಗೆಲ್ಲಿಂದ ಬರಬೇಕು? ಮೊಬೈಲ್ ಫೋನು ಹಿಡಿದು, ಎಡಗಾಲಿನ ಮೇಲೆ ಭಾರ ಹಾಕಿ ಒಂದು ಚಿತ್ರ, ಬಲಗಾಲಿಗೆ ಭಾರ ಬದಲಿಸಿ ಇನ್ನೊಂದು ಚಿತ್ರ ತೆಗೆದೆನು. ಅಂಗಳದಲ್ಲಿ ಎತ್ತು ಬಿಚ್ಚಿ ನಿಲ್ಲಿಸಿದ ನಮ್ಮ ಗಾಡಿ. ಮೂಕಿಯೂ ನೊಗವೂ ನೋಡುವವನ ಕಡೆಗೆ ಚಾಚಿವೆ. ಚಕ್ರದ ಪಕ್ಕದಲ್ಲಿ ನಮ್ಮ ತಂದೆ ಕುಳಿತಿದ್ದಾರೆ. ರಟ್ಟಿನ ಪೆಟ್ಟಿಗೆಗೆ ಎರಡು ಮಸೂರ ಕೂಡಿಸಿ, ಒಳಗೆ ಫೋನಿಟ್ಟು ಊರವರಿಗೆ ತೋರಿಸಿದೆನು. ಎಲ್ಲರೂ ಹೊಗಳಿದರು. ತಂದೆಯವರು ಮಾತ್ರ ಬಹಳ ಹೊತ್ತು ನೋಡಿ, “ನೊಗದ ಎಡಗಡೆ ತುದಿ ಯಾಕೋ ಸರಿಯಾಗಿಲ್ಲ ಕಣೋ ಮಗಾ, ಕಣ್ಣು ಎಳೀತದೆ” ಎಂದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ನಕ್ಕು ಸುಮ್ಮನಾದೆನು.

ಫಲಿತಾಂಶದೊಡನೆ ಮೂವರು ತೀರ್ಪುಗಾರರ ಟಿಪ್ಪಣಿಗಳೂ ಬಂದವು. ಮೊದಲನೆಯದು: ಕೋಳಿಯೊಂದು ಬಲಗಣ್ಣಿನ ಚಿತ್ರದಲ್ಲಿದೆ, ಎಡಗಣ್ಣಿನದರಲ್ಲಿಲ್ಲ. ನಾನು ಕಾಲು ಬದಲಿಸುವಷ್ಟರಲ್ಲಿ ಕೋಳಿ ಬಂದುಬಿಟ್ಟಿತ್ತು! ಎರಡನೆಯದು: ನೊಗದ ಎಡತುದಿಯನ್ನು ಚೌಕಟ್ಟು ಕತ್ತರಿಸಿದೆ, ಆದರೆ ನೊಗ ಚೌಕಟ್ಟಿಗಿಂತ ಮುಂದೆ ಬಂದು ನಿಂತಿದೆ. ಮರೆಮಾಡುವ ವಸ್ತು ಮುಂದಿರಬೇಕು, ಮರೆಯಾದುದು ಹಿಂದಿರಬೇಕು. ಇಲ್ಲಿ ಅದು ತಲೆಕೆಳಗಾದುದರಿಂದ ಕಣ್ಣಿಗೆ ಹಿಂಸೆಯಾಗುತ್ತದೆ. ಮೂರನೆಯದು: ಅಂಗಳದ ಮಂಕರಿ, ಹಗ್ಗ, ಹುಲ್ಲುಗಳನ್ನು ತೆಗೆದು ಚೊಕ್ಕಟ ಮಾಡಬೇಕಾಗಿತ್ತು.

ಮೂರನೆಯ ಮಾತನ್ನು ನಾನು ಇಂದಿಗೂ ಒಪ್ಪಿಲ್ಲ. ಮಂಕರಿಯಿಲ್ಲದ ಅಂಗಳ ನಮ್ಮದಲ್ಲ. ಅದು ಅಭಿರುಚಿಯ ಮಾತು. ಅವರದು ಅವರಿಗೆ, ನನ್ನದು ನನಗೆ. ಆದರೆ ಎರಡನೆಯದು ಅಭಿರುಚಿಯಲ್ಲ, ಕಣ್ಣಿನ ಧರ್ಮ. ಎಡಚಿತ್ರದ ಎಡ ಅಂಚನ್ನೂ ಬಲಚಿತ್ರದ ಬಲ ಅಂಚನ್ನೂ ತುಸು ಕತ್ತರಿಸಿ ನೋಡಿದೆನು. ದೃಶ್ಯವೆಲ್ಲ ಚೌಕಟ್ಟಿನ ಹಿಂದೆ ಸರಿದು, ಕಿಟಕಿಯಿಂದ ನೋಡಿದಂತೆ ಕಣ್ಣಿಗೆ ಹಿತವಾಯಿತು. ಆಗ ನಾಚಿಕೆಯೂ ಆಯಿತು. ಇದೇ ದೋಷವನ್ನು ತಂದೆ ಮನೆಯಲ್ಲೇ ಹೇಳಿದ್ದರು. ಇಂಗ್ಲಿಷಿನಲ್ಲಿ ಬರುವವರೆಗೆ ನಾನು ಅದನ್ನು ನಂಬಲಿಲ್ಲ.

ನಮ್ಮ ಮನೆಯಲ್ಲಿ ಪದವಿಯ ಬಾಗಿಲಿಗೆ ಬಂದವನು ನಾನೇ ಮೊದಲು. ನನ್ನಂಥವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ನಾವು ಸ್ಪರ್ಧೆಗಳಿಗೆ ಅಂಜುತ್ತೇವೆ. ಕಡಿಮೆ ಅಂಕ ಬಂದರೆ ‘ನಮ್ಮ ಯೋಗ್ಯತೆ ಇಷ್ಟೇ’ ಎಂದುಕೊಳ್ಳುತ್ತೇವೆ. ಇದು ತಪ್ಪೆಂದು ನನ್ನ ಅಭಿಪ್ರಾಯ. 13 ಎಂಬ ಅಂಕ ನನಗೆ ಏನನ್ನೂ ಕಲಿಸಲಿಲ್ಲ. ಕಲಿಸಿದುದು ಅದರ ಜೊತೆಗೆ ಬಂದ ಕಾರಣ. ಕಾರಣ ತಿಳಿದರೆ ಒಪ್ಪಬಹುದು, ತಿದ್ದಿಕೊಳ್ಳಬಹುದು, ಬೇಕಾದರೆ ವಾದಿಸಲೂಬಹುದು. ಬರಿಯ ಅಂಕದೊಡನೆ ವಾದಿಸುವುದು ಹೇಗೆ? ಇಂಗ್ಲೆಂಡಿನಲ್ಲಿ 1893ರಲ್ಲಿ ಸ್ಥಾಪಿತವಾದ ಸ್ಟೀರಿಯೊಸ್ಕೋಪಿಕ್ ಸೊಸೈಟಿಯ ಸದಸ್ಯರು ತಮ್ಮ ಚಿತ್ರಗಳನ್ನು ಅಂಚೆಯಲ್ಲಿ ಒಬ್ಬರಿಂದೊಬ್ಬರಿಗೆ ಸುತ್ತಿಸಿ, ನೋಡಿದವರೆಲ್ಲ ಟೀಕೆ ಬರೆದು ಮುಂದಕ್ಕೆ ಕಳುಹಿಸುವ ಪದ್ಧತಿಯನ್ನಿಟ್ಟುಕೊಂಡರು. ಅದರ ಹಿಂದಿನ ವಿವೇಕ ನನಗೆ ಈಗ ತಿಳಿಯಿತು.

ಆದುದರಿಂದ ಸಹಪಾಠಿಗಳಲ್ಲಿ ನನ್ನ ವಿನಂತಿ: ಪ್ರಬಂಧವಾಗಲಿ, ಚಿತ್ರವಾಗಲಿ, ಅಪರಿಚಿತರ ಮುಂದಿಡಲು ಹಿಂಜರಿಯಬೇಡಿ, ಆದರೆ ಕಳುಹಿಸುವ ಮೊದಲು ಮನೆಯವರಿಗೆ ಒಮ್ಮೆ ತೋರಿಸಿ, ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಿ. ಪೂಜ್ಯ ಅಧ್ಯಾಪಕರಲ್ಲಿ ಅರಿಕೆ: ನಮ್ಮ ಉತ್ತರಪತ್ರಿಕೆಗಳ ಅಂಚಿನಲ್ಲಿ ಅಂಕದ ಪಕ್ಕಕ್ಕೆ ಒಂದು ಸಾಲು ಬರೆಯಿರಿ. ಅಂಕ ಕಡಿಮೆ ಬಂದರೂ ಚಿಂತೆಯಿಲ್ಲ. ಎಲ್ಲಿ ತಪ್ಪಿದೆವೆಂಬುದು ತಿಳಿದರೆ ಸಾಕು.

ಈ ವರ್ಷವೂ ಅದೇ ಗಾಡಿಯ ಚಿತ್ರ ಕಳುಹಿಸಿದ್ದೇನೆ. ನೊಗ ಪೂರ್ತಿಯಾಗಿದೆ, ಕೋಳಿಗಳನ್ನು ಕೂಡಿಹಾಕಿದ್ದೆನು. ಮಂಕರಿ ಮಾತ್ರ ಇದ್ದಲ್ಲಿಯೇ ಇದೆ.