ಕೊಂಬೆಗೆ ಕೊಂಬೆ ತಾಗಿರಲಿ

ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಬೆನ್ನನ್ನು ಶ್ರೀರಾಮನು ನೇವರಿಸಿದ್ದರಿಂದ ಮೂರು ಗೆರೆಗಳು ಮೂಡಿದವೆಂಬ ಕಥೆಯನ್ನು ಕೇಳದ ಮಕ್ಕಳು ನಮ್ಮಲ್ಲಿಲ್ಲ. ಉತ್ತರ ಭಾರತದ ಸಾಮಾನ್ಯ ಅಳಿಲಿಗೆ ಐದು ಗೆರೆಗಳಿವೆ; ಅಲ್ಲಿಯವರು ಈ ಕಥೆಯನ್ನು ಹೇಗೆ ಹೊಂದಿಸಿಕೊಳ್ಳುತ್ತಾರೋ ಏನೋ! ಅದಿರಲಿ. ಕುಂದಾಪುರ, ಬೈಂದೂರು ಸೀಮೆಯ ಘಟ್ಟದ ತಪ್ಪಲಿನಲ್ಲಿ ಬೆನ್ನಿಗೆ ಗೆರೆಯೇ ಇಲ್ಲದ, ಹಾಗಾಗಿ ಕಥೆಯೂ ಇಲ್ಲದ ಅಳಿಲುಗಳಿವೆ. ಅವುಗಳ ಪರವಾಗಿ ನಾಲ್ಕು ಮಾತು ಹೇಳಬೇಕಾಗಿದೆ.

ಮೊದಲನೆಯದು ಕೆಂದಳಿಲು. ಕೆಲವೆಡೆ ಇದನ್ನು ಕೇಸಳಿಲು ಎನ್ನುವುದೂ ಉಂಟು. ಮೂತಿಯಿಂದ ಬಾಲದ ತುದಿಯವರೆಗೆ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ, ಒಂದೂವರೆ ಎರಡು ಕಿಲೋ ತೂಕ. ಹಿಂಗಾಲುಗಳಿಂದ ಕೊಂಬೆಯನ್ನು ಹಿಡಿದು, ಬಾಲವನ್ನು ಇನ್ನೊಂದು ಬದಿಗೆ ತೂಗುಬಿಟ್ಟು, ತಲೆಕೆಳಗಾಗಿ ಜೋತುಕೊಂಡು ಹಣ್ಣನ್ನು ಮುಂಗೈಗಳಲ್ಲಿ ತಿರುಗಿಸಿ ತಿನ್ನುವ ಅದರ ಠೀವಿಯನ್ನು ಒಮ್ಮೆ ಕಂಡವರು ಮರೆಯಲಾರರು. ಅಪಾಯದ ಸುಳಿವು ಸಿಕ್ಕಿದೊಡನೆ ಗಟ್ಟಿಯಾಗಿ ಕಟಕಟನೆ ಕೂಗುತ್ತದೆ. ಇಲ್ಲವೇ ಕಾಂಡಕ್ಕೆ ಅಂಟಿಕೊಂಡು ನಿಶ್ಚಲವಾಗುತ್ತದೆ. ಒಂದೇ ಗೂಡನ್ನು ನೆಚ್ಚಿಕೊಳ್ಳುವ ಪ್ರಾಣಿ ಇದಲ್ಲ. ತನ್ನ ಸರಹದ್ದಿನಲ್ಲಿ ಹಲವು ಗೂಡುಗಳನ್ನು, ಭಾರದ ಬೇಟೆಗಾರ ಪ್ರಾಣಿ ತಲುಪಲಾರದ ತೆಳುಗೊಂಬೆಗಳ ಕವಲಿನಲ್ಲಿ ಕಡ್ಡಿ ಮತ್ತು ಸೊಪ್ಪಿನಿಂದ ಹೆಣೆಯುತ್ತದೆ. ಒಂದು ಸೂಲಿಗೆ ಮರಿಗಳು ಒಂದೆರಡು ಮಾತ್ರ. ಉತ್ತರ ಕನ್ನಡದ ಮಾಗೋಡು ಮತ್ತು ಮಹಾರಾಷ್ಟ್ರದ ಭೀಮಾಶಂಕರ ಕಾಡುಗಳಲ್ಲಿ ವಿಜ್ಞಾನಿ ರೆನೀ ಬೋರ್ಜಸ್ ಅವರು ಇದರ ಆಹಾರಕ್ರಮವನ್ನು ಅಧ್ಯಯನ ಮಾಡಿದ್ದಾರೆ. ಮಹಾರಾಷ್ಟ್ರವು ಇದನ್ನು ತನ್ನ ರಾಜ್ಯಪ್ರಾಣಿಯೆಂದು ಗೌರವಿಸಿದೆ.

ಇನ್ನೊಂದು ಹಾರುಬೆಕ್ಕು. ಹೆಸರು ಬೆಕ್ಕಾದರೂ ಜಾತಿ ಅಳಿಲೇ. ಇರುಳಿನ ಸಂಚಾರಿ. ಮುಂಗಾಲಿನಿಂದ ಹಿಂಗಾಲಿನವರೆಗೆ ಹರಡಿರುವ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಹಗಲು ಮಲಗುವುದಕ್ಕೆ ಅದಕ್ಕೆ ಹಳೆಯ ಮರದ ಪೊಟರೆ ಬೇಕು. ನಾವಾದರೋ ಪೊಟರೆಬಿದ್ದ ಮರವನ್ನು ‘ಉಪಯೋಗವಿಲ್ಲದ್ದು’ ಎಂದು ಮೊದಲು ಕಡಿಯುತ್ತೇವೆ.

ಈ ಜೀವಿಗಳ ಹಾದಿ ನೆಲದಲ್ಲಿಲ್ಲ, ಮೇಲಿದೆ. ಕೆಂದಳಿಲು ಒಂದು ಜಿಗಿತಕ್ಕೆ ಸುಮಾರು ಆರು ಮೀಟರ್ ದಾಟಬಲ್ಲುದು. ರಸ್ತೆಯ ಎರಡೂ ಬದಿಯ ಮರಗಳನ್ನು ತೆಗೆದು ಅಂತರವನ್ನು ಅದಕ್ಕಿಂತ ಹಿಗ್ಗಿಸಿದರೆ ಅದು ನೆಲಕ್ಕಿಳಿಯಬೇಕು. ಇಳಿದರೆ ವಾಹನಕ್ಕೆ, ನಾಯಿಗೆ ಸುಲಭದ ತುತ್ತು. ತಂತಿಯನ್ನೇ ಕೊಂಬೆಯೆಂದು ಬಗೆದರೆ ವಿದ್ಯುತ್ತಿಗೆ ಬಲಿ. ಮೂಕಾಂಬಿಕಾ ಅಭಯಾರಣ್ಯ 1974ರಲ್ಲಿಯೇ ಘೋಷಿತವಾಯಿತು, ಸರಿ. ಆದರೆ ಅಭಯಾರಣ್ಯದ ಗಡಿಯ ಹೊರಗೆ ಊರೂರಿನಲ್ಲಿರುವ ಹಾಡಿ, ಕುಮ್ಕಿ, ನಾಗಬನಗಳೇ ಕಾಡನ್ನು ತೋಟಕ್ಕೆ ಬೆಸೆಯುವ ಕೊಂಡಿಗಳು. ಅತ್ತಿ, ಗೋಳಿ, ಹೆಬ್ಬಲಸು, ರೆಂಜೆಗಳಿದ್ದ ಹಾಡಿಗಳು ಅಕೇಶಿಯಾ, ರಬ್ಬರ್ ತೋಪುಗಳಾದವು. ಬ್ರಹ್ಮಾವರದ ಕಡೆಯಲ್ಲಂತೂ ಮರಬಳ್ಳಿಗಳ ಬನವನ್ನು ಸವರಿ ಕಾಂಕ್ರೀಟಿನ ಕಟ್ಟೆ ಕಟ್ಟಿ ‘ಜೀರ್ಣೋದ್ಧಾರ’ವೆಂದು ಕರೆಯುವುದು ರೂಢಿಯಾಗಿದೆ. ನಾಗನಿಗೆ ತಂಪು ಬೇಕೆನ್ನುವ ನಾವೇ ಅವನ ತಲೆಯ ಮೇಲಿನ ನೆರಳನ್ನು ತೆಗೆಯುವುದು ಯಾವ ನ್ಯಾಯ?

ಕೃಷಿಕರ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಅಡಿಕೆ ತೋಟದ ಕೊಕ್ಕೋದಲ್ಲಿ ಗೆರೆಯ ಅಳಿಲು ಮಾಡುವ ನಷ್ಟ ನಿಜ. ಕಾಡಂಚಿನಲ್ಲಿ ಕೆಂದಳಿಲು ಎಳನೀರಿಗೆ ತೂತು ಕೊರೆಯುವುದೂ ನಿಜ. ಆದರೆ ಅಳಿಲು ಹೆಚ್ಚಾಗಿ ಅರಸುವುದು ಹಣ್ಣಾದ ಕೊಕ್ಕೋ ಕಾಯಿಯನ್ನು. ಹಣ್ಣಾದೊಡನೆ ತಡಮಾಡದೆ ಕೊಯ್ದರೆ ನಷ್ಟ ಬಹಳಷ್ಟು ತಗ್ಗುತ್ತದೆ. ಕೊಯ್ಲಿಗೆ ಆಳು ಸಿಗುವುದಿಲ್ಲವೆಂಬ ಕಷ್ಟ ನನಗೂ ತಿಳಿದಿದೆ. ಅದಕ್ಕೆ ಕೋವಿ ಉತ್ತರವಲ್ಲ. ಕೆಂದಳಿಲನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ರಸ್ತೆಯೇ ಬೇಡವೆಂದು ಯಾರೂ ಹೇಳುತ್ತಿಲ್ಲ. ತಮಿಳುನಾಡಿನ ವಾಲ್ಪಾರೈ ಬಳಿಯ ಪುದುತೋಟದಲ್ಲಿ ಸಿಂಗಳೀಕಗಳಿಗಾಗಿ ರಸ್ತೆಯ ಮೇಲೆ ತೂಗುಸೇತುವೆಗಳನ್ನು ಕಟ್ಟಲಾಗಿದೆ. ನಮ್ಮಲ್ಲಿ ಅಷ್ಟೂ ಬೇಡ, ಇರುವ ಕೊಂಬೆಗಳನ್ನು ಉಳಿಸಿದರೆ ಸಾಕು. ಕೊಲ್ಲೂರಿನಿಂದ ನಾಗೋಡಿಯವರೆಗಿನ ದಾರಿಯಲ್ಲಿ, ನಿಮ್ಮ ನಿಮ್ಮ ಶಾಲೆಯ ದಾರಿಯಲ್ಲಿ, ಎರಡು ಬದಿಯ ಮರಗಳು ಎಲ್ಲೆಲ್ಲಿ ಮೇಲೆ ಕೂಡಿಕೊಂಡಿವೆ ಎಂಬುದನ್ನು ವಿದ್ಯಾರ್ಥಿಮಿತ್ರರು ಈ ಬೇಸಿಗೆಯ ರಜೆಯಲ್ಲಿಯೇ ಗುರುತಿಸಿ ಬರೆದಿಡಲಿ. ಮರ ಕಡಿಯುವ ಪ್ರಸ್ತಾಪ ಬಂದ ದಿನ ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಟ್ಟು, ಅದರ ಪ್ರತಿಯೊಂದನ್ನು ಅರಣ್ಯ ಇಲಾಖೆಗೆ ಕೊಟ್ಟು, ಹಿಂಬರಹ ಪಡೆಯೋಣ.